ಗುಂಡಿಗೆ ವಾದ್ಯಾರು

ಕಂಬಂ ಕಣಿವೆಯಲ್ಲಿ ನಡುವಯಸ್ಸಿನ ತಮಿಳರು ಅನೇಕರಿಗೆ ನಾಲ್ಕರ ತನಕ ಕನ್ನಡದಲ್ಲಿ ಎಣಿಸಲು ಬರುತ್ತದೆ. ಅದು ಕನ್ನಡ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ‘ಒಂದು, ಎಲ್ಡು, ಮೂರು, ನಾಕು’ ಎನ್ನುವುದು ಅಟೆನ್ಷನ್, ಅಬೌಟ್ ಟರ್ನ್‌ಗಳ ಹಾಗೆ ಡ್ರಿಲ್ಲಿಗೆ ಸೇರಿದ ಇಂಗ್ಲಿಷ್ ಎಂದೇ ತಿಳಿದಿದ್ದಾರೆ. ಉತ್ತಮಪಾಳಯಂನಲ್ಲಿ ಒಮ್ಮೆ ಲಾರಿಗೆ ಬಾಳೆಗೊನೆ ಏರಿಸುತ್ತಿದ್ದವನೊಬ್ಬ ಹಾಗೆ ಎಣಿಸುವುದನ್ನು ಕೇಳಿ ನಿಂತುಬಿಟ್ಟೆ. ಯಾರ ಹತ್ತಿರ ಕಲಿತೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ನಮ್ಮ ಡ್ರಿಲ್ ವಾದ್ಯಾರು ಕಲಿಸಿದ್ದು. ವಾದ್ಯಾರು ಎಂದರೆ ನಮ್ಮ ಕಡೆ ಮೇಷ್ಟ್ರು. ಅವರ ಹೆಸರು ಬರೆಯುವುದಿಲ್ಲ. ಕುಳ್ಳು ಆಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅರ್ಧ ಚಡ್ಡಿ, ಬಸ್ಸಿನ ರಸ್ತೆಯವರೆಗೂ ಕೇಳುವ ಗಂಟಲು. ಹೊಲದ ಕೆಲಸದವರ ಮೀನಖಂಡ ಬೇರೆ, ಅವರ ಮೀನಖಂಡ ಬೇರೆ. ಅವರು ಮುಂದೆ ಓಡುತ್ತಿದ್ದರೆ ಹಿಂದಿದ್ದ ನಾವು ಅದನ್ನೇ ನೋಡುತ್ತ ಓಡುತ್ತಿದ್ದೆವು. ಅವರೂ ನಮ್ಮ ಮನೆಯವರೂ ಕನ್ನಡದವರು. ನಮ್ಮ ಹಿರಿಯರು ಯಾವ ಕಾಲದಲ್ಲೋ ಈ ಕಡೆ ಬಂದು ಬೇಸಾಯ ಹಿಡಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎನ್ನುವುದು ಎಲ್ಲರೂ ಪಾಲಿಸುವ ಕಟ್ಟಳೆ. ವಾದ್ಯಾರು ಮಾತ್ರ ಮೈದಾನಕ್ಕೆ ಇಳಿದರೆ ಆ ಕಟ್ಟಳೆ ಮರೆತುಬಿಡುತ್ತಿದ್ದರು.

ಅವರ ಬಾಯಲ್ಲಿ ಒಂದು ಪದ ಸದಾ ಇರುತ್ತಿತ್ತು, ಗುಂಡಿಗೆ. “ಗುಂಡಿಗೇಲಿ ಓಡ್ರೋ, ಕಾಲಲ್ಲಲ್ಲ” ಎಂದು ಕಿರಚುತ್ತಿದ್ದರು. ಉದ್ದ ಜಿಗಿತದ ಮುಂದೆ ಹಿಂಜರಿದವನಿಗೆ “ಗುಂಡಿಗೆ ಎಲ್ಲಿಟ್ಟು ಬಂದೆ?” ಎನ್ನುತ್ತಿದ್ದರು. ಓದುಗರಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಕ್ಕಿಲ್ಲ. ಆದರೆ ತಮಿಳು ಅಕ್ಷರದಲ್ಲಿ ಗಕಾರಕ್ಕೂ ಕಕಾರಕ್ಕೂ ಒಂದೇ ರೂಪ, ಪದದ ಮೊದಲಲ್ಲಿ ಬಂದರೆ ಅದು ಕಕಾರವೇ. ತಮಿಳು ಹುಡುಗರ ಕಿವಿಗೆ ಗುಂಡಿಗೆ ಹೋಗಿ ಕುಂಡಿ ಆಗುತ್ತಿತ್ತು. ಕುಂಡಿಯಲ್ಲಿ ಓಡು, ಕುಂಡಿ ಎಲ್ಲಿಟ್ಟು ಬಂದೆ. ಇಡೀ ಮೈದಾನ ಬಿದ್ದು ಬಿದ್ದು ನಗುತ್ತಿತ್ತು. ಶಾಲೆಯ ಹಿಂದಿನ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಅವರ ಅಡ್ಡಹೆಸರು ಬರೆಯುತ್ತಿದ್ದರು. ಗುಂಡಿಗೆ ವಾದ್ಯಾರು ಎಂದು ಬರೆದರೂ ಓದುವಾಗ ಆಗುತ್ತಿದ್ದದ್ದು ಬೇರೆಯೇ.

ಅರ್ಥ ಗೊತ್ತಿದ್ದ ಕನ್ನಡದ ಮಕ್ಕಳು ನಾವು ಕೆಲವರಿದ್ದೆವು. ನಮಗಾದರೂ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಆ ಪದ ನಮ್ಮ ಮನೆಯದು, ನಮ್ಮ ಅಜ್ಜಿ ದಿನಾ ಆಡುವ ಪದ ಎಂದು ಯಾರಿಗಾದರೂ ಗೊತ್ತಾದರೆ ಏನು ಗತಿ ಎಂದು ಮುಖ ಮುಚ್ಚಿಕೊಂಡು ಓಡುತ್ತಿದ್ದೆವು. ಪಾಪ ವಾದ್ಯಾರಿಗೆ ಹುಡುಗರೇಕೆ ನಗುತ್ತಾರೆಂದೇ ತಿಳಿಯದು ಎಂದು ಕನಿಕರ ಪಡುತ್ತಿದ್ದೆವು. ಅವರಾದರೋ ನಗು ಜೋರಾದಷ್ಟೂ ಜೋರಾಗಿ ಕಿರಚುತ್ತಿದ್ದರು.

ಮುಂದೆ ನಾನು ಫಿಸಿಯೋಥೆರಪಿ ಓದಲು ಮೈಸೂರಿಗೆ ಹೋದೆ. ಕನ್ನಡ ಅಕ್ಷರ ಕಲಿತದ್ದು ಅಲ್ಲಿಯೇ, ಬಸ್ಸಿನ ಬೋರ್ಡುಗಳಿಂದ ಶುರುಮಾಡಿ. ಹಾಸ್ಟೆಲಿನಲ್ಲಿ ಒಬ್ಬಳು ಇನ್ನೊಬ್ಬಳ ಬಗ್ಗೆ “ಅವಳಿಗೆ ಗುಂಡಿಗೆ ಜಾಸ್ತಿ ಕಣೇ” ಎಂದಾಗ ನಾನು ಥಟ್ಟನೆ ಸುತ್ತ ನೋಡಿದೆ. ಯಾರೂ ನಗಲಿಲ್ಲ. ಅವರೆಲ್ಲ ನಕ್ಕದ್ದು ನಾನು ‘ಎಲ್ಡು’ ಎಂದಾಗ. ಹೀಗೆ ಎರಡೂ ಊರಲ್ಲಿ ಬಾಯಿ ಬಿಗಿಹಿಡಿಯುವುದು ನನಗೆ ಚೆನ್ನಾಗಿ ಅಭ್ಯಾಸವಾಯಿತು.

ವಾದ್ಯಾರನ್ನು ಮತ್ತೆ ಕಂಡದ್ದು ತೇನಿಯಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ಗಾಲಿಕುರ್ಚಿಯ ಮೇಲೆ. ಹೃದಯಾಘಾತವಾಗಿ ತಿಂಗಳುಗಳಾಗಿದ್ದವು. ಹೃದಯದ ಒಂದು ಭಾಗ ಸತ್ತು, ಉಳಿದದ್ದು ಸೋತು ಸೋತು ರಕ್ತ ತಳ್ಳುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಉಸಿರು ಮೇಲಕ್ಕೆ ಹತ್ತುತ್ತಿತ್ತು. ನಡೆದರೆ ಕಾಲಿಗೆ ಬಲ, ಆದರೆ ನಡೆಯಲು ಉಸಿರಿಲ್ಲ. ಇಂಥವರಿಗೆ ತೊಡೆಯ ಮೇಲೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡುತ್ತೇವೆ. ಮನುಷ್ಯ ಸುಮ್ಮನೆ ಕೂತಿರುತ್ತಾನೆ, ಸ್ನಾಯು ತಾನಾಗಿ ಬಿಗಿದು ಸಡಿಲವಾಗುತ್ತದೆ. ಬಿಗಿದಾಗ ಕಾಲಿನ ರಕ್ತ ಮೇಲಕ್ಕೆ ಏರುತ್ತದೆ, ದಿನ ಕಳೆದಂತೆ ಸ್ನಾಯುವಿಗೆ ಶಕ್ತಿ ಬರುತ್ತದೆ, ಹೃದಯದ ಹೊರೆ ಒಂದಿಷ್ಟು ಇಳಿಯುತ್ತದೆ. ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

“ನೀನು ರಿಲೇನಲ್ಲಿ ಕೋಲು ಬೀಳಿಸ್ದೋಳು ತಾನೆ ತಾಯಿ?” ಎಂದರು ನೋಡಿದ ಕೂಡಲೆ. ಕನ್ನಡದಲ್ಲಿಯೇ. ನಾನು ಹೌದು ಎಂದೆ, ತಮಿಳಿನಲ್ಲಿ. ಪಕ್ಕದಲ್ಲಿ ಟ್ರೈನಿಂಗಿನ ಹುಡುಗಿಯರಿದ್ದರು.

ಮೊದಲ ದಿನ ಪಂಚೆ ಮೇಲೆತ್ತಿ ಎಂದಾಗ ಅವರು ಎತ್ತಲಿಲ್ಲ. “ವೆಕ್ಕ ಆಗ್ತದೆ” ಎಂದರು. ನಾಚಿಕೆ ಎಂಬ ಪದ ನಮ್ಮ ಮನೆಮಾತಿನಿಂದ ಎಂದೋ ಹೋಗಿ ಅಲ್ಲಿ ತಮಿಳಿನ ವೆಕ್ಕ ಬಂದು ಕೂತಿದೆ. ಪದ ಯಾವುದಾದರೇನು, ಕಿವಿ ಬಿಸಿಯಾಗುವುದು ಒಂದೇ ರೀತಿ. ತಾವು ಶಿಸ್ತು ಕಲಿಸಿದ ಹುಡುಗಿಯ ಮುಂದೆ ತೊಡೆ ಬಿಟ್ಟು ಕೂರುವುದು ಅವರಿಂದಾಗದು. ಅವರ ಪಾದ ಮುಟ್ಟಿ ನಮಸ್ಕರಿಸಬೇಕಾದವಳು ಆ ಪಾದ ಹಿಡಿದು ಎಳೆದು ಸರಿಮಾಡುವುದು ನನಗೂ ಸುಲಭವಿರಲಿಲ್ಲ. ಅಂದು ಏನೂ ಮಾಡದೆ ಕಳಿಸಿದೆ. ಮುಂದಿನ ಸಲ ಬಂದಾಗ ಪಂಚೆಯನ್ನು ತಾವೇ ಬಿಚ್ಚಿ ಮಡಚಿ ಇಟ್ಟರು. ಒಳಗೆ ಹಳೆಯ ಬಿಳಿ ಅರ್ಧ ಚಡ್ಡಿ, ಅದೇ ಗಂಜಿ, ಅದೇ ಇಸ್ತ್ರಿ. ಸೊಂಟಕ್ಕೆ ನಿಲ್ಲದೆ ಉಡಿದಾರಕ್ಕೆ ಸಿಕ್ಕಿಸಿದ್ದರು. “ಇದ್ರಾಗೆ ಊರೇ ನನ್ನ ನೋಡಿದೆ. ಇನ್ನೇನು, ನೀನೂ ನೋಡು” ಎಂದರು.

ಆದರೆ ಕರೆಂಟ್ ಹಾಕಿದಾಗ ತೊಡೆ ತಾನಾಗಿ ಎದ್ದು ಮೊಳಕಾಲು ಚಾಚಿಕೊಂಡಿತು. ಅವರ ಮುಖ ನೋಡಲಾಗಲಿಲ್ಲ. ಜೀವಮಾನವಿಡೀ ಸಾವಿರಾರು ಕಾಲುಗಳಿಗೆ ಅಪ್ಪಣೆ ಕೊಟ್ಟವರು, ಈಗ ಅವರದೇ ಕಾಲು ಅವರನ್ನು ಕೇಳದೆ ಕುಣಿಯುತ್ತಿತ್ತು. ಟ್ರೈನಿಂಗಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಒಂದೆರಡು ಭೇಟಿಯಲ್ಲೇ ಅವರು ದಾರಿ ಕಂಡುಕೊಂಡರು. ಕರೆಂಟ್ ಬರುವ ಚೂರು ಮುಂಚೆ ಮಷೀನಿನಲ್ಲಿ ಹಸಿರು ದೀಪ ಹತ್ತುತ್ತದೆ. ಅದನ್ನು ಗುರುತು ಹಿಡಿದು, ದೀಪ ಕಂಡ ಕೂಡಲೆ ಮೆಲ್ಲಗೆ ‘ಎತ್ತು’ ಎನ್ನುತ್ತಿದ್ದರು. ಕಾಲು ಎತ್ತುತ್ತಿತ್ತು. ಆರಿದಾಗ ‘ಇಳ್ಸು’. ಬಾಗಿಲಲ್ಲಿ ನಿಂತವರಿಗೆ ಆ ಕಾಲು ಅವರ ಮಾತು ಕೇಳಿಯೇ ಕೆಲಸ ಮಾಡುತ್ತಿದೆ ಎನ್ನಿಸಬೇಕು. ಒಂದು ದಿನ ಪ್ಯಾಡಿನ ತಂತಿ ಕಳಚಿಕೊಂಡದ್ದನ್ನು ನಾನು ಗಮನಿಸಿರಲಿಲ್ಲ. ದೀಪ ಹತ್ತಿತು, ಅವರು ‘ಎತ್ತು’ ಎಂದರು, ಕಾಲು ಮಿಸುಕಲಿಲ್ಲ. ಮತ್ತೆ ಎಂದರು. ಆಮೇಲೆ ನನ್ನ ಕಡೆ ನೋಡಿದರು. ತಂತಿ ಸಿಕ್ಕಿಸುವಾಗ ನಾನು ಬೇಕೆಂದೇ ತಲೆ ಬಗ್ಗಿಸಿಕೊಂಡೇ ಇದ್ದೆ.

ಆ ಚಿಕಿತ್ಸೆಯ ಮರ್ಮ ಮಾತ್ರ ಅವರಿಗೆ ಬಹಳ ಹಿಡಿಸಿತ್ತು. ಕಾಲಿನ ಸ್ನಾಯು ಬೇಗ ದಣಿಯುತ್ತದೆ, ಎದೆಯೊಳಗಿನದು ದಣಿಯುವ ಹಾಗಿಲ್ಲ; ಆದರೆ ಕಾಲಿನದಕ್ಕೂ ದಿನಾ ಸಣ್ಣಗೆ ಕರೆಂಟ್ ಕೊಡುತ್ತ ಹೋದರೆ ಕೆಲವು ವಾರಗಳಲ್ಲಿ ದಣಿಯದಿರುವುದನ್ನು ಕಲಿಯುತ್ತದೆ ಎಂದೆ. “ಅಂದ್ರೆ ಡ್ರಿಲ್ಲು” ಎಂದರು. ಹಿಂದೆ ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿನ ಸ್ನಾಯುವೊಂದನ್ನು ಬಿಡಿಸಿ, ಸೋತ ಹೃದಯಕ್ಕೆ ಸುತ್ತಿ, ಪ್ರತಿ ಬಡಿತಕ್ಕೂ ಕರೆಂಟ್ ಕೊಟ್ಟು ಅದನ್ನು ಹಿಂಡಿಸುತ್ತಿದ್ದರಂತೆ, ನೆಚ್ಚಿದಷ್ಟು ಫಲ ಸಿಗದೆ ಈಗ ಹೆಚ್ಚುಕಡಿಮೆ ಕೈಬಿಟ್ಟಿದ್ದಾರೆ ಎಂದೂ ಹೇಳಿದೆ. ಅವರು ಕೈ ಹಿಂದೆ ಹಾಕಿ ಕಂಕುಳ ಕೆಳಗಿನ ಸ್ನಾಯುವನ್ನು ಮುಟ್ಟಿ ನೋಡಿಕೊಂಡರು. “ಭಾರ ಎಳೆಯಕ್ಕೆ ಹುಟ್ಟಿದ್ದು ಇದು. ಇದನ್ನ ಅಲ್ಲಿಗೆ ಕರ್ಕೊಂಡೋಗಿ ಬ್ಯಾರೆ ಕೆಲ್ಸ ಹೇಳಿದ್ರೂ ಮಾಡ್ತಿತ್ತಾ?” “ಕಲಿಸಿದರೆ ಮಾಡುತ್ತಿತ್ತು ಸಾರ್.” “ಕಲಿಸ್ಬೇಕು” ಎಂದರು.

ಅವರ ಜೊತೆ ಬರುತ್ತಿದ್ದವಳು ಮೊಮ್ಮಗಳು. ಪೆರಿಯಕುಳಂನ ಕಾಲೇಜಿನಲ್ಲಿ ಓದುತ್ತಾಳೆ. ತಾಯಿ ದಿಂಡಿಗಲ್ಲಿನ ತಮಿಳರು, ಹಾಗಾಗಿ ಅವಳ ಮಾತೆಲ್ಲ ತಮಿಳು. ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ. ತಾತನ ಚೀಲ, ನೀರಿನ ಬಾಟಲಿ, ಮಾತ್ರೆ ಎಲ್ಲ ಅವಳ ಕೈಯಲ್ಲಿ. ಒಂದು ದಿನ ಪ್ಯಾಡ್ ಅಂಟಿಸುತ್ತ ನಾನು ಸುಮ್ಮನೆ ಕೇಳಿದೆ, ಮೊದಲು ನೋವು ಬಂದ ದಿನ ಆಸ್ಪತ್ರೆಗೆ ಅಷ್ಟು ತಡವಾಗಿ ಹೋದದ್ದೇಕೆ ಎಂದು.

“ತಡ ಆಗಲಿಲ್ಲ ಅಕ್ಕಾ. ಬೆಳಿಗ್ಗೆ ತಿಂಡಿ ತಿಂದ ಮೇಲೆ ನೋವು ಬಂತು, ಆಗಲೇ ಆಟೋ ಹಿಡಿದೆ. ಅಪ್ಪ ದ್ರಾಕ್ಷಿ ನೋಡೋಕೆ ಓಡೈಪಟ್ಟಿಗೆ ಹೋಗಿದ್ದರು, ಅಮ್ಮ ದಿಂಡಿಗಲ್ಲಲ್ಲಿ. ತಾತನಿಗೆ ತಮಿಳೇ ಬರಲಿಲ್ಲ ಅವತ್ತು. ಕುಂಡಿಗೆ, ಕುಂಡಿಗೆ ಅಂತ ಅದೊಂದೇ. ನಾನು ಡಾಕ್ಟರಿಗೆ ಕುಂಡಿಕ್ಕಾಯಿ ನೋಯ್ತಿದೆಯಂತೆ ಅಂದೆ.”

ಕುಂಡಿಕ್ಕಾಯಿ ಎಂದರೆ ಮೂತ್ರಪಿಂಡ. ನಮ್ಮ ಕಡೆ ಮಟನ್ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಪದ. ಬೆವರು, ವಾಂತಿ, ಬೆನ್ನಿಗೂ ಹರಿದ ನೋವು, ಮೇಲೆ ಸಕ್ಕರೆ ಕಾಯಿಲೆ. ಎಲ್ಲವೂ ಕಿಡ್ನಿ ಕಲ್ಲಿಗೆ ಹೊಂದಿಕೊಂಡಿತು. ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಗೆ ಕಳಿಸಿ, ಕಲ್ಲು ಕಾಣದೆ, ಎದೆಗೆ ತಂತಿ ಹಚ್ಚಿ ನೋಡುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟು ಹೊತ್ತಿಗೆ ಸಾಯಬೇಕಾದ ಭಾಗ ಸತ್ತಿತ್ತು.

ನನ್ನ ಕೈ ಪ್ಯಾಡಿನ ಮೇಲೆಯೇ ನಿಂತಿತು. ತಲೆ ಎತ್ತಿದರೆ ವಾದ್ಯಾರು ನನ್ನನ್ನೇ ನೋಡುತ್ತಿದ್ದರು. ಅವಳಿಗೆ ಕೇಳುವ ಹಾಗೆ ತಮಿಳಿನಲ್ಲಿ, “ಹೌದಮ್ಮ, ಕಿಡ್ನಿಯ ಹತ್ತಿರವೇ ನೋವಿದ್ದದ್ದು. ನಾನೇ ಹಾಗೆ ಹೇಳಿದೆ. ಹೋಗು ಮಗಾ, ಅಕ್ಕನಿಗೆ ಟೀ ತಗೊಂಡು ಬಾ” ಎಂದರು.

ಅವಳು ಹೋದ ಮೇಲೆ ದನಿ ತಗ್ಗಿಸಿದರು. “ನಿಂಗೆ ತಿಳೀತು. ತಿಳೀಬಾರದಿತ್ತು. ಅವ್ಳಿಗೆ ಮಾತ್ರ ಆ ಪದದ ಅರ್ಥ ಏಳ್ಬ್ಯಾಡ ತಾಯಿ. ಯಾವತ್ತೂ. ತಾತನ್ನ ನಾನೇ ಕೊಂದೆ ಅನ್ಕೊಂಡು ಬಾಳೋಳು ಅವ್ಳು.”

“ಅವಳ ತಪ್ಪೇನಿದೆ ಸಾರ್” ಎಂದೆ. ಈ ಸಲ ಕನ್ನಡದಲ್ಲಿ.

“ಅವ್ಳ ತಪ್ಪಿಲ್ಲೆ. ತಪ್ಪು ನಂದು. ಮೈದಾನದಾಗೆ ಹುಡುಗ್ರು ಯಾಕೆ ನಗ್ತಾರೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡಿದ್ರಾ ನೀವೆಲ್ಲ? ಗೋಡೆ ಮೇಲೆ ಬರ್ದಿದ್ದಕ್ಕೆ ನೀರಾಕಿ ತೊಳೀತಿದ್ದೋನು ನಾನೇ. ಅಲ್ಲಿ ಆ ಪದ ಬಿಟ್ಟಿದ್ರೆ ಸೋತಂಗೆ ಆಗ್ತಿತ್ತು, ಅದಕ್ಕೆ ಇನ್ನೂ ಜೋರಾಗಿ ಕಿರಚ್ದೆ. ನನ್ನ ಮಗನ್ನ ಸ್ಕೂಲಲ್ಲಿ ಕುಂಡಿ ಮಗ ಅಂದ್ರು. ಅವ್ನು ಅತ್ಕೊಂಡು ಬಂದ. ಅವತ್ತಿಂದ ಮನೇಲಿ ಬಿಟ್ಬಿಟ್ಟೆ. ಆ ಪದ ಒಂದೇ ಅಲ್ಲ, ನಮ್ಮ ಮಾತೇ ಬಿಟ್ಟೆ. ಮನೇಲಿ ಯಾರು ನೋಡ್ತಾರೆ ನಾನು ಸೋತಿದ್ದ? ಊರ ಮಕ್ಕಳಿಗೆಲ್ಲ ಕೇಳೋಂಗೆ ಕಿರಚಿದೋನು, ನನ್ನ ಮೊಮ್ಮಗಳಿಗೆ ಕೊಡಲಿಲ್ಲ. ಕಡೇಗೆ ಪ್ರಾಣ ಓಗೋ ಟೈಮಲ್ಲಿ ಅದೇ ಬಾಯಿಗೆ ಬಂತು. ಅವ್ಳೇನ್ ಮಾಡ್ತಾಳೆ?”

ಹಸಿರು ದೀಪ ಹತ್ತಿತು. ಅವರು ‘ಎತ್ತು’ ಎನ್ನಲು ಮರೆತರು. ಕಾಲು ತಾನಾಗಿ ಎದ್ದು ತಾನಾಗಿ ಇಳಿಯಿತು. ಆ ಮುಖದಲ್ಲಿದ್ದಷ್ಟು ನಾಚಿಕೆಯನ್ನು ನಾನು ಯಾವ ಮುಖದಲ್ಲೂ ಕಂಡಿಲ್ಲ. ಹೇಳುವುದಿಲ್ಲ ಸಾರ್ ಎಂದು ಮಾತು ಕೊಟ್ಟೆ.

ಅಲ್ಲಿಂದ ಮುಂದೆ ಆ ಪದ ಅವರ ಬಾಯಿಂದ ಬರಲೇ ಇಲ್ಲ. ಎದೆಯೊಳಗಿದ್ದದ್ದು ಬರೀ ‘ಅದು’ ಆಯಿತು. “ಇವತ್ತು ಅದು ಪರವಾಗಿಲ್ಲ”, “ಅದಕ್ಕೆ ಕಾಲು ಒತ್ತಾಸೆ ಕೊಡ್ತಿದೆ”. ಒಂದು ದಿನ ಅವರ ಹಳೆಯ ಶಿಷ್ಯನೊಬ್ಬ, ಈಗ ಬಸ್ ಕಂಡಕ್ಟರ್, ಹಣ್ಣಿನ ಚೀಲ ಹಿಡಿದು ನೋಡಲು ಬಂದ. ವಯಸ್ಸಾಗಿ ಹೊಟ್ಟೆ ಬಂದ ಮನುಷ್ಯ, ವಾದ್ಯಾರ ಮುಂದೆ ಮಾತ್ರ ಹುಡುಗನ ಹಾಗೆ ಕೈ ಕಟ್ಟಿ ನಿಂತಿದ್ದ. ಹೊರಡುವಾಗ ಪ್ರೀತಿಯಿಂದಲೇ, “ಸಾರ್, ಗುಂಡಿಗೆ ಹೇಗಿದೆ?” ಎಂದ. ಮೊಮ್ಮಗಳು ತಿರುಗಿ ನೋಡಿದಳು.

“ಅದೇನು ಮಾತು? ನಾನು ಯಾವತ್ತೂ ಆ ಮಾತು ಆಡಿಲ್ಲ” ಎಂದರು ವಾದ್ಯಾರು.

ಕಂಡಕ್ಟರ್ ಪೆಚ್ಚಾದ. ಮೈದಾನದಲ್ಲಿ ನಕ್ಕದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದುಕೊಂಡನೋ ಏನೋ, ಕ್ಷಮಿಸಿ ಸಾರ್ ಎಂದು ತಲೆ ತಗ್ಗಿಸಿಕೊಂಡು ಹೋದ. ಅವನು ಮೆಟ್ಟಿಲು ಇಳಿಯುವವರೆಗೂ ವಾದ್ಯಾರು ಗೋಡೆ ನೋಡುತ್ತಿದ್ದರು. ಇಡೀ ಮೈದಾನ ನಕ್ಕರೂ ಬಿಡದ ಪದವನ್ನು ಅವರು ಒಬ್ಬ ಹುಡುಗಿಗಾಗಿ ಬಿಟ್ಟುಕೊಟ್ಟರು. ಅದನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ. ಹೊರಗೆ ಓಡಿಹೋಗಿ ಆ ಕಂಡಕ್ಟರಿಗೆ ನಿಜ ಹೇಳಬೇಕು ಎನ್ನಿಸಿತು, ಹೇಳುವ ಹಾಗಿರಲಿಲ್ಲ.

ಕಾಲು ಕಲಿತದ್ದು ನಿಜ. ಗಾಲಿಕುರ್ಚಿಯಲ್ಲಿ ಬರುತ್ತಿದ್ದವರು ಕೋಲು ಹಿಡಿದು ಬಂದರು, ಆಮೇಲೆ ಮೊಮ್ಮಗಳ ಭುಜ ಹಿಡಿದು ಬಂದರು. ಒಂದು ಸಂಜೆ ಮನೆಯಿಂದ ಬೀದಿಯ ತುದಿಯವರೆಗೆ ಇಬ್ಬರೂ ನಡೆದು ಹೋಗಿ ಬಂದೆವು ಎಂದು ಅವಳು ಫೋನ್ ಮಾಡಿ ಹೇಳಿದಳು. ಅವರು ಫೋನ್ ಕಿತ್ತುಕೊಂಡು, “ಕರೆಂಟಿಲ್ದೆ ನಡೆದೆ ತಾಯಿ. ನನ್ನ ಮಾತು ಕೇಳ್ತು” ಎಂದರು. ಹಾಗೆ ಇನ್ನೊಂದು ಮಾವಿನ ಕಾಲ ಕಂಡರು. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಹದಿನಾರನೆಯ ದಿನದ ಕಾರ್ಯಕ್ಕೆ ಉತ್ತಮಪಾಳಯಂಗೆ ಹೋಗಿದ್ದೆ. ಶಾಮಿಯಾನದ ಕೆಳಗೆ ಹಳೆಯ ಶಿಷ್ಯರೇ ತುಂಬಿದ್ದರು. ಒಬ್ಬೊಬ್ಬರೂ ಅವರ ದನಿ ಅನುಕರಿಸಿ ಹೇಳುತ್ತಿದ್ದರು, ಎಲ್ಲರ ಕಥೆಯಲ್ಲೂ ಗುಂಡಿಗೆ. ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೊಮ್ಮಗಳು ಎಲೆ ಹಾಕುತ್ತ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಡೆಗೆ ನನ್ನ ಪಕ್ಕ ಬಂದು ಕೂತಳು.

“ಗುಂಡಿಗೆ ಅಂದರೆ ಏನಕ್ಕಾ?”

“ಧೈರ್ಯ” ಎಂದೆ.

ಸುಳ್ಳಲ್ಲ. ಯಾವ ನಿಘಂಟು ತೆಗೆದರೂ ಆ ಅರ್ಥ ಇದ್ದೇ ಇರುತ್ತದೆ. ಅದಕ್ಕೆ ಮೊದಲು ಇನ್ನೊಂದು ಅರ್ಥ ಇರುತ್ತದೆ, ಅಷ್ಟೆ. ಅವಳು ಪದವನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು, ಗಕಾರವನ್ನು ಜೋಪಾನವಾಗಿ ಇಟ್ಟು. ಆಮೇಲೆ ನೆಲ ನೋಡುತ್ತ, ಕೈಯಲ್ಲಿ ಉಳಿದಿದ್ದ ಎಲೆಯ ತುದಿ ಮಡಚುತ್ತ ಕೂತಳು. ಏನು ಯೋಚಿಸುತ್ತಿದ್ದೀಯ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷೆಯ ಮೇಲಿನ ಅಭಿಮಾನದಿಂದ ಎಂದು ಯಾರೂ ತಿಳಿಯಬಾರದು. ವಾದ್ಯಾರ ಬಗ್ಗೆ ಬರೆಯದೆ ಇರಲಾಗಲಿಲ್ಲ. ತಮಿಳಿನಲ್ಲಿ ಬರೆದರೆ ಅವಳು ಓದುತ್ತಾಳೆ, ಇಂಗ್ಲಿಷಿನಲ್ಲಿ ಬರೆದರೂ ಓದುತ್ತಾಳೆ. ಅವಳಿಂದ ಬಚ್ಚಿಡಲು ಇರುವ ಜಾಗ ಇದೊಂದೇ, ಅವಳ ತಾತನ ಭಾಷೆ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೇ?

ಹೋದ ಭಾನುವಾರ ಅವಳು ನನ್ನನ್ನು ಹುಡುಕಿಕೊಂಡು ತೇನಿಗೆ ಬಂದಿದ್ದಳು. ಬರೆಯಲು ಹೊಸದೊಂದು ಖಾಲಿ ನೋಟುಪುಸ್ತಕ ತಂದಿದ್ದಳು. ತಾತ ತನ್ನ ಜೊತೆ ಅವರ ಭಾಷೆಯಲ್ಲಿ ಮಾತನಾಡಿದ್ದು ಆ ಒಂದು ದಿನ ಮಾತ್ರ, ಆಟೋದಲ್ಲಿ ಏನೇನೋ ಹೇಳುತ್ತಿದ್ದರು, ಅದು ಪೂರ್ತಿ ಏನೆಂದು ತನಗೆ ತಿಳಿಯಬೇಕು ಎಂದಳು. ಆಮೇಲೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳೆಂದು ಕಾಣುತ್ತದೆ, ಒಂದೊಂದೇ ಪದ ಹೆಕ್ಕಿ ಕನ್ನಡದಲ್ಲಿ ಕೇಳಿದಳು. “ಅಕ್ಕಾ, ನಂಗೆ ಅಕ್ಸರ ಏಳ್ಕೊಡ್ತೀರಾ?”

ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದೆ. ತಮಿಳಿನಲ್ಲಿ.